ಔಷಧದ ಸೀಸೆ, ಮಸಿಕುಡಿಕೆ

ಕಾದಂಬರಿಕಾರನೆಂದರೆ ನಿಶ್ಶಬ್ದವಾದ ಕೋಣೆಯಲ್ಲಿ ಸ್ಫೂರ್ತಿಗಾಗಿ ಕಾಯುವವನೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಅದನ್ನು ನನ್ನ ಮನಸ್ಸಿನಿಂದ ಕಿತ್ತವರು ಇಂಗ್ಲೆಂಡಿನ ಒಬ್ಬ ತಾಯಿ ಮತ್ತು ಮಗ.

ಫ್ರಾನ್ಸಿಸ್ ಟ್ರಾಲಪ್ ನಮ್ಮಂತೆಯೇ ಅದೃಷ್ಟ ಅರಸಿ 1827ರಲ್ಲಿ ಅಮೆರಿಕೆಗೆ ಬಂದವರು. ಸಿನ್ಸಿನಾಟಿಯಲ್ಲಿ ಹೂಡಿದ ವ್ಯಾಪಾರ ಮುಳುಗಿ 1831ರಲ್ಲಿ ಮರಳಿದರು. ಮೊದಲ ಪುಸ್ತಕ 1832ರಲ್ಲಿ ಪ್ರಕಟವಾದಾಗ ಅವರ ವಯಸ್ಸು ಐವತ್ತು ದಾಟಿತ್ತು. 1834ರಲ್ಲಿ ಸಾಲದ ಬಾಧೆಯಿಂದ ಕುಟುಂಬ ಬೆಲ್ಜಿಯಮ್ಮಿನ ಬ್ರೂಜ್ ನಗರ ಸೇರಿತು. ಅಲ್ಲಿ ಮಗ ಹೆನ್ರಿ ಕ್ಷಯದಿಂದ ನರಳುತ್ತಿದ್ದ, ಪತಿಯೂ ರೋಗಿ. ಆಕೆ ಶುಶ್ರೂಷೆಯ ನಡುವೆಯೇ ಕಾದಂಬರಿ ಬರೆದರು. ಆ ಬರಹದಿಂದಲೇ ಮನೆ ನಡೆಯಬೇಕಿತ್ತು. ಔಷಧದ ಸೀಸೆಗೂ ಮಸಿಕುಡಿಕೆಗೂ ಆ ಮನೆಯಲ್ಲಿ ಸಮಾನ ಸ್ಥಾನವಿತ್ತೆಂದು ಇನ್ನೊಬ್ಬ ಮಗ ಆಂಟನಿ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ರೋಗಿಯ ಮಗ್ಗುಲಲ್ಲಿ ರಾತ್ರಿ ಕಳೆಯುವುದೆಂದರೇನೆಂದು ವೈದ್ಯನಾದ ನಾನು ಬಲ್ಲೆ. ಆದ್ದರಿಂದಲೇ ಈ ಮಾತು ನನ್ನನ್ನು ಬಹಳವಾಗಿ ಕಲಕಿತು.

ಆಂಟನಿ ಅಂಚೆ ಇಲಾಖೆಯ ಅಧಿಕಾರಿ. ಬೆಳಗಿನ 5.30ಕ್ಕೆ ಮೇಜಿನ ಮುಂದೆ ಕುಳಿತು, ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರಹವನ್ನು ಓದಿಕೊಳ್ಳುವರು. ಆ ಓದಿನಿಂದಲೇ ಕಥೆಯ ದನಿ ಮತ್ತೆ ಕಿವಿಗೆ ಬೀಳುತ್ತಿತ್ತು. ಅನಂತರ ಗಡಿಯಾರವನ್ನು ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದಗಳು. ಹೀಗೆ ಅವರು ರಚಿಸಿದ ಕಾದಂಬರಿಗಳು 47.

ರೆಸಿಡೆನ್ಸಿಯ ದಿನಗಳಲ್ಲಿ ನಾನೊಂದು ಕಥೆಯನ್ನು ಬಿಡುವಾದಾಗ ಬರೆಯೋಣವೆಂದು ಮುಂದೂಡಿದೆ. ಈಗ ಬಿಡುವಿದೆ, ಕಥೆ ಮರೆತುಹೋಗಿದೆ. ನಿಮ್ಮಲ್ಲಿ ಬರೆಯುವ ಹಂಬಲವುಳ್ಳವರು ಮಕ್ಕಳು ಏಳುವ ಮುನ್ನ ಅರ್ಧ ಗಂಟೆ ಕುಳಿತುಕೊಳ್ಳಿರಿ. ಸ್ಫೂರ್ತಿಯೂ ಬಹುಮಟ್ಟಿಗೆ ವೇಳೆಗೆ ಸರಿಯಾಗಿ ಬರುವುದನ್ನು ಕಲಿಯುತ್ತದೆ.