ಟರ್ಬೊ ಕಾರಿಗೆ ಹೆಚ್ಚುವರಿ ಶಕ್ತಿ: ಮೊದಲು ತಂಪು, ನಂತರ ವೇಗ

ಸಂಸ್ಥೆಯ ಹೆಸರಿನಲ್ಲಿರುವ ಟರ್ಬೊ ಕಾರಿನ ಶಕ್ತಿಯನ್ನು ಹೆಚ್ಚಿಸಿಕೊಳ್ಳಬಯಸುವ ಉಲ್ಲಾಳದ ಉದ್ಯಮಿ ಮಿತ್ರರು ಮೊದಲು ಕೇಳುವುದು, ಅದನ್ನು ಖರ್ಚಿಗೆ ಬರೆಯಬಹುದೇ ಎಂದು. ಅದಕ್ಕೂ ಮುನ್ನ ಕೇಳಬೇಕಾದದ್ದು, ಹೆಚ್ಚುವ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದು.

ಟರ್ಬೊ ಒತ್ತಿದ ಗಾಳಿ ಕಾಯುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿ ಸಾಂದ್ರಗೊಳಿಸುತ್ತದೆ. ಇಸಿಯು ತಂತ್ರಾಂಶವನ್ನು ಬದಲಿಸಿ ಒತ್ತಡವನ್ನೂ ಇಂಧನವನ್ನೂ ಹೆಚ್ಚಿಸಿದರೆ ಶಾಖವೂ ಏರುತ್ತದೆ. ನಗರದ ನಿಧಾನ ಸಂಚಾರದಲ್ಲಿ ಇಂಟರ್‌ಕೂಲರಿಗೆ ಸಾಕಷ್ಟು ಗಾಳಿ ದೊರೆಯದು. ಆದ್ದರಿಂದ ಮೊದಲು ರೇಡಿಯೇಟರ್, ಫ್ಯಾನ್, ಕೂಲಂಟ್, ಹೋಸ್ ಪೈಪ್‌ಗಳನ್ನು ಪರೀಕ್ಷಿಸಬೇಕು. ಅಗತ್ಯವಿದ್ದರೆ ದೊಡ್ಡ ಇಂಟರ್‌ಕೂಲರ್. ಟ್ಯೂನಿಂಗ್ ಕೊನೆಗೆ, ಅದೂ ಮಿತವಾಗಿ.

ಇನ್ನು ಲೆಕ್ಕದ ಮಾತು. ಸಂಸ್ಥೆಯ ಓಡಾಟಕ್ಕೆ ಬಳಸುವ, ಚಾಲಕ ಸೇರಿ 13ಕ್ಕೆ ಮೀರದ ಆಸನಗಳ ಕಾರಿನ ದುರಸ್ತಿ ಸೇವೆಗೆ ತೆತ್ತ ಜಿಎಸ್‌ಟಿಗೆ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಕ್ರೆಡಿಟ್ ಇಲ್ಲ. ಕೆಟ್ಟ ಭಾಗವನ್ನು ಸರಿಪಡಿಸಿದರೆ ಅದು ಚಾಲ್ತಿ ದುರಸ್ತಿ. ಶಕ್ತಿವರ್ಧನೆಯ ವೆಚ್ಚ ಬಂಡವಾಳವೆನಿಸಿ ಸವಕಳಿ ಮಾತ್ರ ಸಿಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ವಾರಂಟಿ ತಪ್ಪಬಹುದು, ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮಿಗೂ ತೊಡಕು.

ಇವನ್ನೆಲ್ಲ ಕೂಡಿ ನೋಡಿದಾಗ, ನಮ್ಮಲ್ಲಿ ಹೆಚ್ಚಿನವರಿಗೆ ಶುಚಿಯಾದ ರೇಡಿಯೇಟರೇ ಲಾಭದಾಯಕ ಹೂಡಿಕೆ.