ಕರುಳು ಮತ್ತೆ ಕೂಡಿದ ಮೇಲೆ

ಶಹಾಪುರ ತಾಲ್ಲೂಕಿನ ವನದುರ್ಗದ ಕಡೆಯ ರೈತರಿಗೆ ಕೃಷ್ಣೆಯ ಕಾಲುವೆಗಳ ಸ್ವಭಾವ ಗೊತ್ತು. ತಿಂಗಳುಗಟ್ಟಲೆ ಬತ್ತಿದ ಕಾಲುವೆಯಲ್ಲಿ ಹೂಳು, ಕಳೆ ತುಂಬಿರುವುದರಿಂದ ನೀರು ಬಿಟ್ಟೊಡನೆ ಅದು ಮೊದಲಿನಂತೆ ಹರಿಯದು. ಮನುಷ್ಯನ ಕರುಳಿಗೂ ಇಂಥ ಅವಸ್ಥೆ ಒದಗುವುದುಂಟು.

ಟೈಫಾಯಿಡ್ ಜ್ವರದಿಂದ ಸಣ್ಣಕರುಳು ತೂತುಬಿದ್ದಾಗ, ಅಥವಾ ಗುದನಾಳದ ಕ್ಯಾನ್ಸರನ್ನು ಕೊಯ್ದು ತೆಗೆದಾಗ, ಶಸ್ತ್ರವೈದ್ಯರು ಕೆಲವೊಮ್ಮೆ ಕರುಳನ್ನು ಹೊಟ್ಟೆಯ ಮೇಲ್ಮೈಗೆ ತಂದು ಹೊಲಿಯುವರು. ಈ ಕೃತಕ ದ್ವಾರವೇ ಸ್ಟೋಮಾ. ಮಲವು ಅಲ್ಲಿಂದಲೇ ಚೀಲಕ್ಕೆ ಬೀಳುವುದು. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಎಂಬ ವೈದ್ಯರು, ಕರುಳಿನ ತುದಿಯನ್ನು ಅಂಗಿಯ ತೋಳಿನಂತೆ ಹೊರಕ್ಕೆ ಮಡಚಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು; ಅದರಿಂದ ರೋಗಿಗಳ ಬಾಧೆ ಬಹಳ ತಗ್ಗಿತು. ದ್ವಾರವು ತಾತ್ಕಾಲಿಕವಾಗಿದ್ದರೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಾದ ಮೇಲೆ ಕರುಳನ್ನು ಮತ್ತೆ ಕೂಡಿಸಿ ಒಳಗಿಡುವರು.

ಕೂಡಿಸಿದೊಡನೆ ಎಲ್ಲವೂ ಸರಿಹೋಗುವುದೆ? ಇಲ್ಲ. ದಿನವೊಂದಕ್ಕೆ ಸುಮಾರು 9 ಲೀಟರು ದ್ರವ ನಮ್ಮ ಸಣ್ಣಕರುಳನ್ನು ಸೇರುವುದು. ಅದರಲ್ಲಿ ಸುಮಾರು ಒಂದೂವರೆ ಲೀಟರು ದೊಡ್ಡಕರುಳನ್ನು ತಲುಪುತ್ತದೆ. ಅದನ್ನು ಹೀರಿ ಮಲವನ್ನು ಗಟ್ಟಿಮಾಡುವುದು ಆ ಕರುಳಿನ ಕೆಲಸ. ಅದರ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಆಹಾರವೆಂದರೆ, ನಾರಿನ ಅಂಶವನ್ನು ಬ್ಯಾಕ್ಟೀರಿಯಾಗಳು ಕೊಳೆಯಿಸಿದಾಗ ಹುಟ್ಟುವ ಬ್ಯುಟಿರಿಕ್ ಆಮ್ಲ. ಮಲವು ಬಾರದಿದ್ದಾಗ ಈ ಆಹಾರವೂ ನಿಲ್ಲುವುದು. ಪೊರೆ ಸೊರಗುವುದು, ಗುದದ ಸ್ನಾಯುಗಳೂ ಬಲಗುಂದುವುವು. ಆದುದರಿಂದಲೇ ಮೊದಲ ವಾರಗಳಲ್ಲಿ ತೆಳುಮಲ, ಪದೇ ಪದೇ ಬಹಿರ್ದೆಸೆ, ತಡೆಯಲಾರದ ಅವಸರ. ಗುದನಾಳದ ಭಾಗವನ್ನು ತೆಗೆದಿದ್ದರೆ ಸುಧಾರಣೆಗೆ ಒಂದೆರಡು ವರ್ಷವೇ ಹಿಡಿಯಬಹುದು.

ಆರಂಭದಲ್ಲಿ ಮೆತ್ತನೆಯ ಅನ್ನ, ಮಜ್ಜಿಗೆ, ಬಾಳೆಹಣ್ಣು ಹಿತ. ಜೋಳದ ರೊಟ್ಟಿ, ಕಾಳುಪಲ್ಯ, ಖಾರಗಳನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಸುಡುವ ಚರ್ಮವನ್ನು ಬೆಚ್ಚನೆಯ ನೀರಿನಿಂದ ತೊಳೆದು, ಒರಸದೆ ಒತ್ತಿ ಆರಿಸಬೇಕು. ಗುದವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ವೈದ್ಯರು ಕಲಿಸಿಕೊಡುವರು. ಆರೆಂಟು ವಾರ ತುಂಬಿದ ಕೊಡವನ್ನಾಗಲಿ ಹತ್ತಿಯ ಮೂಟೆಯನ್ನಾಗಲಿ ಎತ್ತಕೂಡದು. ಎತ್ತಿದರೆ ಹೊಲಿದ ಜಾಗದಲ್ಲಿ ಕರುಳು ಉಬ್ಬಿ ಹರ್ನಿಯಾ ಆದೀತು.

ಆದರೆ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿ, ಹೊಟ್ಟೆಯುಬ್ಬರ, ವಾಯು ಸರಿಯದಿರುವುದು ಇವು ಕಂಡರೆ ಒಳಗೆ ಹೊಲಿಗೆ ಸೋರುತ್ತಿರಬಹುದು, ಇಲ್ಲವೆ ಕರುಳಿನ ದಾರಿ ಕಟ್ಟಿರಬಹುದು. ಪಟ್ಟಣದಿಂದ ದೂರದ ಹಳ್ಳಿಯವರು ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ಉಳಿದ ತೊಂದರೆಗಳಿಗೆ ಕಾಲವೇ ಮದ್ದು. ನಾಚಿಕೆಯಿಂದ ಮರೆಮಾಡುವ ಅಗತ್ಯವಿಲ್ಲ; ಬಿಡುವಾಗಿದ್ದ ಅಂಗವೊಂದು ತನ್ನ ಕೆಲಸವನ್ನು ಮತ್ತೆ ಕಲಿಯುತ್ತಿದೆ, ಅಷ್ಟೆ. ಇದನ್ನು ಮನೆಯವರೂ ತಿಳಿದಿದ್ದರೆ ರೋಗಿಯ ಅರ್ಧ ಭಾರ ಇಳಿದಂತೆ.