ಸಕ್ಕರೆ ಪರೀಕ್ಷೆಯ ಪಟ್ಟಿ ವೈರಾಣುವನ್ನೂ ಹಿಡಿದೀತೇ?

ಊರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ಫೋನ್ ಬಂದರೂ, ಪಿಸಿಆರ್ ವರದಿ ಕೈಸೇರದೆ ವಿಮಾನ ಹತ್ತಲಾಗದೆ ಕುಳಿತವರು 2021ರಲ್ಲಿ ನಮ್ಮ ನಡುವೆಯೇ ಇದ್ದರು. ವರದಿಗೆ ಅಷ್ಟು ಹೊತ್ತು ಏಕೆ? ಮೂಗಿನಿಂದ ತೆಗೆದ ಮಾದರಿಯಲ್ಲಿ ವೈರಾಣುವಿನ ಆರ್‌ಎನ್‌ಎ ಅತ್ಯಲ್ಪ. ಅದನ್ನು ಡಿಎನ್‌ಎಯಾಗಿ ಬದಲಿಸಿ, ಯಂತ್ರದಲ್ಲಿ ಬಿಸಿ ಮಾಡಿ ತಣಿಸುತ್ತಾ, ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚಿಸಬೇಕು. ಇದಕ್ಕೆ ಕೆಲವು ಗಂಟೆ. ಪ್ರಯೋಗಾಲಯದ ಸರದಿಯಲ್ಲಿ ಮತ್ತಷ್ಟು.

ಆದರೆ ಮಕ್ಕಳೇ, ನಿಮ್ಮ ಅಜ್ಜ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವುದನ್ನು ಕಂಡಿರಬಹುದು. ಒಂದು ಹನಿ ರಕ್ತ, ಕೆಲವೇ ಸೆಕೆಂಡು! ಪಟ್ಟಿಯ ಮೇಲಿನ ಕಿಣ್ವವು ಗ್ಲೂಕೋಸಿನೊಡನೆ ವರ್ತಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. 1962ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್ ಇದಕ್ಕೆ ದಾರಿ ತೋರಿದರು. ಇಂಥದ್ದೇ ವಿದ್ಯುತ್-ರಾಸಾಯನಿಕ ಸಂವೇದಕ.

ವೈರಾಣುವಿಗಾದರೆ ಕಿಣ್ವದ ಬದಲು ಪ್ರತಿಕಾಯಗಳನ್ನು ವಿದ್ಯುದ್ವಾರದ ಮೇಲೆ ಅಂಟಿಸುತ್ತಾರೆ. ತಮಗೆ ಹೊಂದುವ ವೈರಾಣುವನ್ನು ಅವು ಹಿಡಿದುಕೊಳ್ಳುತ್ತವೆ. ದ್ರಾವಣದಲ್ಲಿ ಎಲೆಕ್ಟ್ರಾನುಗಳನ್ನು ಕೊಟ್ಟು ತೆಗೆದುಕೊಳ್ಳುವ ಒಂದು ಲವಣವಿರುತ್ತದೆ. ಮದುವೆ ಮನೆಯ ಹೊಸ್ತಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದರೆ ಒಳಹೋಗುವುದು ನಿಧಾನವಲ್ಲವೇ? ಹಾಗೆಯೇ ವೈರಾಣುಗಳು ಬಂದು ಕುಳಿತಷ್ಟೂ ಎಲೆಕ್ಟ್ರಾನುಗಳ ದಾರಿ ಕಟ್ಟಿ ವಿದ್ಯುತ್ತು ಇಳಿಯುತ್ತದೆ. ಆ ಇಳಿಕೆಯೇ ನಮಗೆ ಸುದ್ದಿ.

ಕೊರೊನಾ ವೈರಾಣುವಿನ ಅಗಲ ಸುಮಾರು 100 ನ್ಯಾನೋಮೀಟರ್. ನಮ್ಮ ಕೂದಲೆಳೆ ಅದರ ನೂರಾರು ಪಟ್ಟು ದಪ್ಪ. ಇಷ್ಟು ಸಣ್ಣದನ್ನು, ಅದೂ ಕೆಲವನ್ನೇ, ಗುರುತಿಸಲು ಚಪ್ಪಟೆ ಲೋಹದ ತುಂಡು ಸಾಲದು. ಬೆಲ್ಲದ ಅಚ್ಚನ್ನು ಕುಟ್ಟಿದರೆ ಬೇಗ ಕರಗುವುದು ಮೇಲ್ಮೈ ಹೆಚ್ಚುವುದರಿಂದ. ಚಿನ್ನದ ನ್ಯಾನೋ ಕಣಗಳನ್ನು ಲೇಪಿಸಿದಾಗಲೂ ಪ್ರತಿಕಾಯಗಳಿಗೆ ಜಾಗ ಹೆಚ್ಚುತ್ತದೆ, ಸಂಕೇತವೂ ಸ್ಪಷ್ಟವಾಗುತ್ತದೆ. ಇನ್ನೊಂದು ವಸ್ತು ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರ ಕಿತ್ತು ಇದನ್ನು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಬಂತು. (ನಿಮ್ಮ ಪೆನ್ಸಿಲ್ಲಿನಲ್ಲಿರುವುದೂ ಗ್ರಾಫೈಟೇ!) 2020ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಗ್ರಾಫೀನ್ ಹಾಳೆಯ ಮೇಲೆ ಪ್ರತಿಕಾಯ ಕೂರಿಸಿ, ಆರ್‌ಎನ್‌ಎ ಹೆಚ್ಚಿಸುವ ಗೋಜಿಲ್ಲದೆ ಕೊರೊನಾ ವೈರಾಣುವನ್ನು ಗುರುತಿಸಿದರು. ಅದು ಟ್ರಾನ್ಸಿಸ್ಟರ್ ಮಾದರಿಯದು, ನಮ್ಮ ಸಂವೇದಕದ ದಾಯಾದಿ ಎನ್ನೋಣ.

ಹಾಗಾದರೆ ಇದು ಗ್ಲೂಕೋಮೀಟರಿನಂತೆ ಮನೆಮನೆಗೂ ಏಕೆ ಬಂದಿಲ್ಲ? ಪೋಷಕರು ಕೇಳುವುದು ಸಹಜ. ರಕ್ತದಲ್ಲಿ ಗ್ಲೂಕೋಸು ಧಾರಾಳವಾಗಿದೆ. ಮಾದರಿಯಲ್ಲಿ ವೈರಾಣು ವಿರಳ. ಮೇಲಾಗಿ ಜೊಲ್ಲು, ಸಿಂಬಳದಲ್ಲಿರುವ ಇತರ ಪ್ರೋಟೀನುಗಳೂ ವಿದ್ಯುದ್ವಾರಕ್ಕೆ ಅಂಟಿ ವಿದ್ಯುತ್ತನ್ನು ಇಳಿಸುತ್ತವೆ. ಆಗ ಆರೋಗ್ಯವಂತನಿಗೂ ರೋಗಿಯ ಪಟ್ಟ! ಅದಕ್ಕೇ ಊರ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವಂತೆ, ಪ್ರತಿಕಾಯಗಳ ನಡುವಿನ ಖಾಲಿ ಜಾಗವನ್ನು ಹಸುವಿನ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿನಿಂದ ಮೊದಲೇ ತುಂಬಿಸಿಡುತ್ತಾರೆ. ಆದರೂ ಟವೆಲ್ ಸರಿಸಿ ಕುಳಿತುಬಿಡುವವರು ಇದ್ದೇ ಇರುತ್ತಾರೆ.